ಸೊಸೆಯ ಕುತ್ತಿಗೆಗಾಗಿ ಕೋಲಾರಕ್ಕೆ ಹೋದದ್ದು

ದೇವರಾಯಸಮುದ್ರದ ಕೆರೆ ಏರಿಯ ಹತ್ತಿರ ಬಸ್ಸಿಗೆ ಕಾದು ನಿಂತಾಗ ನನ್ನ ಎಲೆಅಡಿಕೆ ಸಂಚಿಯ ದಾರದಲ್ಲಿ ಹತ್ತು ಗಂಟುಗಳಿದ್ದವು. ದಿನಕ್ಕೊಂದರಂತೆ ನಾನೇ ಹಾಕಿದ್ದು. ಹನ್ನೆರಡನೆಯ ಗಂಟು ಬೀಳುವ ಹೊತ್ತಿಗೆ ನನ್ನ ಸೊಸೆ ರತ್ನ ಕೋಲಾರದ ಆಸ್ಪತ್ರೆಯಲ್ಲಿ ಇರಬೇಕಿತ್ತು. ಅವಳು ಇದ್ದದ್ದು ಮಾಲೂರಿನಲ್ಲಿ, ತವರುಮನೆಯಲ್ಲಿ. ಮಗ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ, ಯುದ್ಧದ ಕಾಲವಾದ್ದರಿಂದ ರಜೆ ಸಿಗಲಿಲ್ಲ. ಎರಡು ವರ್ಷದ ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನೇ ಹೊರಟೆ.

ಅವರೆಕಾಯಿ ಕಾಲ. ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಆ ಚಳಿ ಕಂಡಾಗಲೆಲ್ಲ ನನಗೆ ರತ್ನನ ಕಾಯಿಲೆಯೇ ನೆನಪಾಗುತ್ತಿತ್ತು. ಇಂಥ ಚಳಿಯಲ್ಲೇ ಅವಳು ಕಂಬಳಿ ಎಸೆದು ಅಂಗಳದ ಚಪ್ಪಡಿ ಮೇಲೆ ಹೋಗಿ ಮಲಗುತ್ತಿದ್ದಳು, ಮೈಯೆಲ್ಲ ಬೆವರು. ಕುತ್ತಿಗೆಯ ಮುಂದೆ ನೆಲ್ಲಿಕಾಯಿ ಗಾತ್ರದಲ್ಲಿ ಎದ್ದ ಗಡ್ಡೆ ಎರಡು ವರ್ಷದಲ್ಲಿ ಕಿತ್ತಳೆ ಹಣ್ಣಿನಷ್ಟಾಗಿತ್ತು. ಕಣ್ಣು ಗುಡ್ಡೆಗಳು ಮುಂದೆ ಬಂದಿದ್ದವು. ನಾಲ್ಕು ಮುದ್ದೆ ಉಣ್ಣುವಳು, ಆದರೂ ಕಡ್ಡಿಯಾಗಿ ಒಣಗುವಳು. ಕೈ ನಡುಗಿ ನೀರಿನ ಕೊಡ ಬೀಳಿಸುವಳು. ನಾನು ಮೊದಲು ಸೋಮಾರಿತನ ಅಂದೆ, ಆಮೇಲೆ ಗಾಳಿ ಸೋಕಿದೆ ಅಂದೆ. ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ತೋಪಿನಲ್ಲಿ ಬರೆ ಹಾಕುವವನೊಬ್ಬನಿದ್ದ. ಅಲ್ಲಿಗೆ ಕರೆದುಕೊಂಡು ಹೋಗಿ ಗಡ್ಡೆಯ ಎರಡು ಪಕ್ಕಕ್ಕೂ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸಿದೆ. ಅವಳ ಕಾಲು ಗಟ್ಟಿಯಾಗಿ ಹಿಡಿದುಕೊಂಡವಳು ನಾನೇ. ಇದನ್ನು ಬಿಟ್ಟು ಬರೆದರೆ ಮಿಕ್ಕದ್ದೂ ಸುಳ್ಳಾಗುತ್ತದೆ.

ಬರೆಯ ಗಾಯ ಕೀವಾಯಿತು. ಅದನ್ನು ತೋರಿಸಲು ಕೋಲಾರದ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಗಾಯವನ್ನು ಬಿಟ್ಟು ಅವಳ ಕಣ್ಣು ನೋಡಿದರು, ಕೈ ಚಾಚಿಸಿ ಬೆರಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಅರಳಿ ಎಲೆಯ ಹಾಗೆ ಅದುರಿತು. ಅವರು ಮದರಾಸಿನ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ, ತೆಲುಗು ಚೆನ್ನಾಗಿ ಬರುತ್ತಿತ್ತು. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಎಲ್ಲರ ಕುತ್ತಿಗೇಲೂ ಒಂದು ಗ್ರಂಥಿ ಇರುತ್ತಮ್ಮಾ. ಥೈರಾಯಿಡ್ ಅಂತಾರೆ. ಒಲೆ ಇದ್ದ ಹಾಗೆ ಅದು. ಇವಳ ಒಲೆ ಆರೋದೇ ಇಲ್ಲ, ತಿಂದದ್ದೆಲ್ಲ ಉರಿದು ಹೋಗ್ತಿದೆ. ಎದೇನೂ ಅದರ ಜೊತೇಲಿ ಓಡ್ತಿದೆ."

ಒಂದು ಕಂದು ಬಣ್ಣದ ಔಷಧದ ಸೀಸೆ ಕೊಟ್ಟರು. ಅಯೋಡಿನ್ ಬೆರೆಸಿದ ನೀರು. ಹೊತ್ತಿಗೆ ಹತ್ತು ತೊಟ್ಟು, ದಿನಕ್ಕೆ ಮೂರು ಹೊತ್ತು, ಹಾಲಿನಲ್ಲಿ. ಹನ್ನೆರಡು ದಿನ. "ಇದು ಬೆಂಕಿ ಮೇಲೆ ಬೂದಿ ಮುಚ್ಚೋ ಔಷಧ. ಬೆಂಕಿ ಅಡಗಿರೋವಾಗಲೇ ನಾನು ಗಡ್ಡೆ ಕುಯ್ಯಬೇಕು. ದಿನ ತಪ್ಪಿಸಿದರೆ ಬೂದಿ ಹಾರಿ ಬೆಂಕಿ ಮೊದಲಿಗಿಂತ ಜೋರಾಗುತ್ತೆ. ಆಗ ಕತ್ತಿ ಇಟ್ಟರೂ ಸಾಯ್ತಾಳೆ, ಇಡದಿದ್ದರೂ ಸಾಯ್ತಾಳೆ," ಅಂದರು. ಅವರೂ ನನ್ನ ಹಾಗೆಯೇ, ಮಾತಿಗೆ ಬೆಲ್ಲ ಹಚ್ಚುವವರಲ್ಲ.

ನಮ್ಮ ಮನೆಯಲ್ಲಿ ಆಗ ಕರೆಯುವ ಹಸು ಇರಲಿಲ್ಲ. ಮೂರನೆಯ ದಿನ ರತ್ನನ ಅಣ್ಣ ಬಂದು, "ನಮ್ಮನೇಲಿ ಹಾಲದೆ, ಅಮ್ಮ ನೋಡ್ಕತಾಳೆ," ಅಂತ ಅವಳನ್ನು ಮಾಲೂರಿಗೆ ಕರೆದುಕೊಂಡು ಹೋದ. ನಾನು ಒಪ್ಪಿದೆ. ಹತ್ತನೆಯ ದಿನದವರೆಗೂ ಒಂದು ಸುದ್ದಿ ಇಲ್ಲ. ಅದಕ್ಕೇ ಈ ಪ್ರಯಾಣ.

ಮುಳಬಾಗಿಲಿನ ಕಡೆಯಿಂದ ಬರುವ ಬಸ್ಸು ಇದ್ದಿಲಿನಿಂದ ಓಡುವಂಥದು. ಪೆಟ್ರೋಲು ಸಿಪಾಯಿಗಳಿಗೇ ಸಾಲದಾಗಿ, ಬಸ್ಸಿನ ಹಿಂದೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ ಅದರಲ್ಲಿ ಇದ್ದಿಲು ಉರಿಸುತ್ತಿದ್ದರು. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕುವರು. ಹೆಂಗಸರು ಕೂತಿರಬಹುದಿತ್ತು. ನಾನೂ ಇಳಿದು ನೂಕಿದೆ.

"ನೀನ್ಯಾಕಜ್ಜಿ ಇಳಿದೆ? ಕೂತ್ಕೋ," ಅಂದ ಕಂಡಕ್ಟರು.

"ನೀವು ನೂಕೋ ಚೆಂದ ನೋಡಿದ್ರೆ ನಾಳೆ ಸೇರ್ತೀವಿ ಕಣಯ್ಯಾ ಕೋಲಾರ."

ಆರಾಣೆ ಕೊಟ್ಟು ಹತ್ತಿದ್ದಕ್ಕೆ ಮೂರು ಕಡೆ ನೂಕಿದೆವು. ಹನ್ನೆರಡು ಮೈಲಿಗೆ ಎರಡೂವರೆ ಗಂಟೆ ಹಿಡಿಯಿತು. ಕೋಲಾರದಲ್ಲಿ ಇಳಿದಾಗ ಮೂಗಿನ ಒಳಗೆಲ್ಲ ಮಸಿ. ಪಕ್ಕದಲ್ಲೇ ಶ್ರೀನಿವಾಸಪುರದ ಬಸ್ಸು ನಿಂತಿತ್ತು. ಅದರ ಹಲಗೆ ಓದಿ ಬೇರೆ ಕಡೆ ತಿರುಗಿ ನಡೆದೆ.

ಮಾಲೂರಿಗೆ ಹೋಗುವ ಮುಂಚೆ ಆಸ್ಪತ್ರೆಗೆ ಹೋಗಿ ಹಾಸಿಗೆ ಹಿಡಿದಿಟ್ಟಿದ್ದಾರೋ ಇಲ್ಲವೋ ಕೇಳಿಕೊಳ್ಳೋಣ ಅನ್ನಿಸಿತು. ಡಾಕ್ಟರಮ್ಮ ಮೇಜಿನ ಮುಂದೆ ಕೂತು ದಪ್ಪ ಪುಸ್ತಕವೊಂದರಲ್ಲಿ ಬರೆಯುತ್ತಿದ್ದರು. ದರ್ಜಿಯ ಟೇಪು ಪಕ್ಕದಲ್ಲಿತ್ತು. ಕುತ್ತಿಗೆ ಗಡ್ಡೆಯವರು ಯಾರು ಬಂದರೂ ಅದರಿಂದ ಅಳೆದು, ಯಾವ ಊರು, ಯಾವ ಬಾವಿ ನೀರು, ಸಮುದ್ರದ ಉಪ್ಪೋ ಬೇರೆ ಉಪ್ಪೋ, ತಾಯಿಗಿತ್ತೋ, ಅಜ್ಜಿಗಿತ್ತೋ, ಎಲ್ಲ ಕೇಳಿ ಬರೆದುಕೊಳ್ಳುತ್ತಿದ್ದರು. ಅವತ್ತು ನನ್ನ ಕುತ್ತಿಗೆಯನ್ನೂ ಅಳೆದರು.

"ನನಗೇನೂ ಇಲ್ಲವಲ್ಲ?"

"ಇಲ್ಲದವರದ್ದೂ ಬೇಕಮ್ಮಾ. ಇಲ್ಲದಿದ್ರೆ ಇರೋವರದ್ದು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ?"

"ನಿಮಗೆ ಇದೆಲ್ಲ ಗೊತ್ತಿಲ್ಲವಾ ಹಾಗಾದ್ರೆ?"

"ಗೊತ್ತಿಲ್ಲದ್ದಕ್ಕೇ ಬರೀತಿದ್ದೀನಿ. ಬಿಳಿಯರ ಸೀಮೆಯಲ್ಲಿ ಕತ್ತಿ ಇಲ್ಲದೆ ಮಾತ್ರೆಯಲ್ಲೇ ಈ ಬೆಂಕಿ ಆರಿಸೋಕೆ ನೋಡ್ತಿದ್ದಾರಂತೆ. ಅದು ಇಲ್ಲಿಗೆ ಬರೋಕೆ ಹಡಗು ಬೇಕು, ಹಡಗು ಬರೋಕೆ ಯುದ್ಧ ಮುಗೀಬೇಕು. ನಿನ್ನ ಸೊಸೆಗೆ ಅಷ್ಟು ಸಮಯ ಇಲ್ಲ."

ಅವರು ಹಾಳೆ ತಿರುವುವಾಗ ಕಂಡೆ. ಕೆಲವು ಹೆಸರುಗಳ ಕೆಳಗೆ ನೀಲಿ ಶಾಯಿಯ ಗೆರೆ, ಕೆಲವಕ್ಕೆ ಕೆಂಪು. ಏನು ಅಂತ ಕೇಳಿದೆ. ಮನೆಗೆ ಹೋದವರಿಗೆ ನೀಲಿ ಅಂದರು. ಕೆಂಪು ಯಾರಿಗೆ ಅಂತ ಕೇಳುವ ಅಗತ್ಯ ಬೀಳಲಿಲ್ಲ. ಕೆಂಪು ಕಡಿಮೆ ಇತ್ತು, ಆದರೆ ಇತ್ತು. ರತ್ನನ ಹಾಳೆ ತೆಗೆಸಿ ನೋಡಿದೆ. ಗೆರೆ ಇರಲಿಲ್ಲ, ಬರೀ ಜಾಗ ಇತ್ತು. ಆ ಖಾಲಿ ಜಾಗ ಕಣ್ಣಲ್ಲಿ ಕೂತುಬಿಟ್ಟಿತು.

ಕೋಲಾರದಿಂದ ಬೌರಿಂಗ್‌ಪೇಟೆಗೆ ಚಿಕ್ಕ ರೈಲು. ಹನ್ನೊಂದು ಮೈಲಿ ಇರಬಹುದು. ಆಚೆ ಬದಿಯಲ್ಲಿ ಇಳಿದು ಮೂತ್ರ ಮಾಡಿ ಓಡಿ ಬಂದು ಹತ್ತುವಷ್ಟು ನಿಧಾನ, ಗಂಡಸರು ಹಾಗೆ ಮಾಡುತ್ತಲೂ ಇದ್ದರು. ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲು ಹತ್ತಿ ಮಾಲೂರಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಬುತ್ತಿಯ ರೊಟ್ಟಿ ಚೀಲದಲ್ಲೇ ಉಳಿದಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ, ಮನೆ ಮುಂದೆ ಜನ ಸೇರಿದ್ದರೆ ಏನು ಮಾಡುವುದು ಅಂತ.

ಜನ ಸೇರಿರಲಿಲ್ಲ. ಅಂಗಳದಲ್ಲಿ ರತ್ನ ಕಾಲು ಚಾಚಿ ಕೂತು ಅವರೆಕಾಳು ಹಿದುಕುತ್ತಿದ್ದಳು. ಪಟಪಟ ಅಂತ ಕಾಳು ಹಾರಿ ಬುಟ್ಟಿಗೆ ಬೀಳುತ್ತಿದ್ದವು. ಕೈ ನಡುಗುತ್ತಿರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ನನ್ನನ್ನು ಕಂಡು ನಕ್ಕಳು. ಎರಡು ವರ್ಷದಿಂದ ಅವಳ ನಗು ನೋಡಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಬೂದಿ ಮುಚ್ಚಿದ ಬೆಂಕಿ ಇದೇ ಅಲ್ಲವೇ?

ಅವಳ ತಾಯಿ ಚಿನ್ನಮ್ಮ ಬಾಗಿಲಿಗೆ ಬಂದಳು. "ಬನ್ನಿ ಬೀಗಿತಿಯವ್ರೇ. ನೋಡಿದ್ರಾ ನನ್ ಮಗಳ್ನ? ನಿಮ್ಮನೇಲಿ ಎರಡ್ ವರ್ಷ ಒಣಗ್ದೋಳು, ನಮ್ಮನೇಲಿ ಎಂಟ್ ದಿನಕ್ಕೆ ಎದ್ ಕೂತವ್ಳೆ."

"ಎದ್ದವಳನ್ನ ನಾಳೆ ಕರ್ಕೊಂಡೋಗೋಕೇ ಬಂದಿದೀನಿ. ಕುಯ್ಯಬೇಕು."

"ವಾಸಿ ಆಗಿರೋ ಕುತ್ತಿಗೇನ ಯಾವ ಮುಂಡೆ ಕುಯ್ತಾಳೆ? ಬರೆ ಹಾಕ್ಸಿದ್ದು ಸಾಲ್ದಾ ನಿಮ್ಗೆ?"

ಮುಂಡೆ ಅಂದದ್ದು ವಿಧವೆಯಾದ ನನಗೋ ಡಾಕ್ಟರಮ್ಮನಿಗೋ ಅಂತ ಕೇಳುತ್ತಾ ಕೂರಲಿಲ್ಲ. "ಸೀಸೆ ತೋರ್ಸಿ," ಅಂದೆ.

ಚಿನ್ನಮ್ಮ ಗೂಡಿನಿಂದ ಸೀಸೆ ತಂದುಕೊಟ್ಟಳು. ಮುಚ್ಚಳ ತೆಗೆದು ಮೂಸಿದೆ. ಹರಳೆಣ್ಣೆ.

"ಔಷಧ ಎಲ್ಲಿ?"

"ಮೊನ್ನೇನೇ ಮುಗೀತು. ತೊಳ್ದು ಎಣ್ಣೆ ತುಂಬಿದೆ. ಒಳ್ಳೇ ಸೀಸೆ."

"ಹನ್ನೆರಡು ದಿನಕ್ಕೆ ಕೊಟ್ಟಿದ್ದು ಎಂಟು ದಿನಕ್ಕೆ ಹೆಂಗೆ ಮುಗೀತು?"

ಆಗ ಅವಳು ನಡೆದದ್ದನ್ನು ಹೇಳಿದಳು. ಔಷಧ ನಾಲ್ಕೇ ದಿನಕ್ಕೆ ಕೈ ನಡುಕ ನಿಲ್ಲಿಸಿದ್ದನ್ನು ಬೀದಿಯವರೆಲ್ಲ ನೋಡಿದರಂತೆ. ಆ ಬೀದಿಯಲ್ಲಿ ಕುತ್ತಿಗೆ ದಪ್ಪಗಿದ್ದ ಹೆಂಗಸರು ಇನ್ನೂ ಏಳು ಜನ. ಚಿನ್ನಮ್ಮ ಬೆಳಗ್ಗೆ ಮಗಳಿಗೆ ಕೊಟ್ಟಾದ ಮೇಲೆ ಒಂದು ಚೊಂಬು ನೀರಿಗೆ ಇಷ್ಟು ಔಷಧ ಬಿಟ್ಟು, ತುಳಸಿ ಕಟ್ಟೆಯ ಮುಂದೆ ನಿಂತು, ಬಂದವರ ಅಂಗೈಗೆಲ್ಲ ಒಂದೊಂದು ಉದ್ಧರಣೆ ಹಾಕಿದ್ದಾಳೆ, ತೀರ್ಥದ ಹಾಗೆ. ಅವರೂ ಕಣ್ಣಿಗೊತ್ತಿಕೊಂಡು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು ಹೋಗಿದ್ದಾರೆ.

"ಒಳ್ಳೇದನ್ನ ಒಬ್ರೇ ಇಟ್ಕೊಂಡ್ರೆ ಕೈಗುಣ ಹೋಗ್ತದೆ," ಅಂದಳು ಚಿನ್ನಮ್ಮ. ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಅಂತ ಬೆಳೆದವರು ನಾವು. ನನ್ನ ಬೀದಿಯಲ್ಲಾಗಿದ್ದರೆ ನಾನೇ ಏನು ಮಾಡುತ್ತಿದ್ದೆನೋ. ಅದನ್ನು ಅವಳಿಗೆ ಹೇಳಲಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ, ಒಲೆ, ಬೂದಿ, ಕೆಂಪು ಶಾಯಿ ಸಮೇತ ಹೇಳಿದೆ. ಚಿನ್ನಮ್ಮ ನಂಬಲಿಲ್ಲ. ನಂಬಿಸಿದ್ದು ರತ್ನನ ಮೈ. ಊಟಕ್ಕೆ ಕೂತಾಗ ಅವಳು ಸೆರಗಿನಿಂದ ಬೀಸಿಕೊಳ್ಳಲು ಶುರುಮಾಡಿದಳು. ಮಿಕ್ಕವರೆಲ್ಲ ಚಳಿಗೆ ಒಲೆಯ ಹತ್ತಿರ ಸರಿಯುತ್ತಿದ್ದೆವು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಎರಡನೆಯ ಮುದ್ದೆಗೆ ಕೈ ಹಾಕಿದಾಗ ಬೆರಳು ತಟ್ಟೆಗೆ ತಾಕಿ ಟಣಟಣ ಅಂದಿತು. ಎಲ್ಲರೂ ಆ ಸದ್ದು ಕೇಳಿದೆವು. ಚಿನ್ನಮ್ಮ ತಟ್ಟೆ ಬಿಟ್ಟೆದ್ದು ಗೋಡೆ ಕಡೆ ಮುಖ ಮಾಡಿ ನಿಂತಳು. "ಬೆಳಗ್ಗೆ ಮೊದಲ್ನೇ ರೈಲ್ಗೇ ಹೋಗಿ," ಅಂದಳು.

ಬೆಳಗ್ಗೆ ಹನ್ನೊಂದನೆಯ ಗಂಟು ಹಾಕಿದೆ. ರೈಲು ಬಂದದ್ದು ತಡವಾಗಿ, ಬಂದದ್ದೂ ಟೇಕಲ್ಲಿನಲ್ಲಿ ನಿಂತುಬಿಟ್ಟಿತು. ಸಿಪಾಯಿಗಳ ಸ್ಪೆಷಲ್ ಗಾಡಿಗಳಿಗೆ ದಾರಿ ಬಿಡಬೇಕಂತೆ. ಒಂದಾದ ಮೇಲೊಂದು ಮೂರು ಹೋದವು. ಸಿಪಾಯಿಗಳು ಕೈ ಬೀಸಿದರು. ಎಲ್ಲಿಗೆ ಸಾಯಲು ಹೋಗುತ್ತಿದ್ದರೋ ಪಾಪ, ಅವತ್ತು ನನಗೆ ಅವರ ಮೇಲೆ ಸಿಟ್ಟೇ ಬಂತು.

ರತ್ನ ಬೆಂಚಿನ ಮೇಲೆ ಕೂರಲಾರಳು, ನಿಲ್ಲಲಾರಳು. ಕುಪ್ಪಸದ ಮೇಲಿಂದಲೇ ಎದೆ ಬಡಿಯುವುದು ಕಾಣುತ್ತಿತ್ತು. ಎದುರಿಗೆ ಬುರ್ಕಾ ಹಾಕಿದ ಒಬ್ಬ ಸಾಬರ ಹೆಂಗಸು ಕೂತಿದ್ದಳು, ಕೋಲಾರದಲ್ಲಿ ಬಳೆ ವ್ಯಾಪಾರದ ಮನೆಯವಳು. ಮುಸುಕು ಎತ್ತಿ ರತ್ನನನ್ನು ನೋಡಿ, ಕೇಳದೆಯೇ ಅವಳ ಎದೆಗೆ ಅಂಗೈ ಇಟ್ಟಳು.

"ಯಾ ಅಲ್ಲಾ! ಇದೇನಮ್ಮಾ, ದಿಲ್ಲಾ, ಜಟಕಾ ಕುದುರೇನಾ?"

"ಅತ್ತೇ, ನಾನು ಸಾಯ್ತೀನಾ?" ಅಂತ ರತ್ನ ಕೇಳಿದಳು.

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಗೊತ್ತಿಲ್ಲ ಕಣೇ. ಇವತ್ತು ಸಾಯಬೇಡ. ಕೋಲಾರ ಸೇರ್ಕೋ ಮೊದ್ಲು," ಅಂದೆ.

ಸಾಬರ ಹೆಂಗಸು ನನ್ನನ್ನು ದುರುಗುಟ್ಟಿಕೊಂಡು ನೋಡಿ, "ಎಂಥ ಸಾಸ್ ನೀನು, ಎಂಥ ಅತ್ತೆ!" ಅಂದಳು. ತನ್ನ ಹೂಜಿಯಿಂದ ನೀರು ಬಗ್ಗಿಸಿ ಬಟ್ಟೆ ಒದ್ದೆ ಮಾಡಿ ರತ್ನನ ತಲೆಯ ಮೇಲಿಟ್ಟಳು, ಕುಡಿಯಲೂ ಕೊಟ್ಟಳು. ನಮ್ಮವರು ಆ ನೀರು ಮುಟ್ಟುತ್ತಿರಲಿಲ್ಲ. ರತ್ನ ಕುಡಿದಳು. ಗಂಟಲು ಒಣಗಿ ನಾನೂ ಕುಡಿದೆ. ಊರಿಗೆ ಬಂದ ಮೇಲೆ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಬೌರಿಂಗ್‌ಪೇಟೆ ಮುಟ್ಟುವಷ್ಟರಲ್ಲಿ ಚಿಕ್ಕ ರೈಲು ಹೋಗಿಬಿಟ್ಟಿತ್ತು. ಆ ದಿನ ಛತ್ರದಲ್ಲಿ ಉಳಿದು, ಮಾರನೆಯ ಬೆಳಗ್ಗೆ ಹನ್ನೆರಡನೆಯ ಗಂಟು ಹಾಕಿ ಕೋಲಾರ ಸೇರಿದೆವು. ಜಟಕಾದಿಂದ ಇಳಿಯುವಾಗ ರತ್ನನ ಕಾಲು ಸೋತು, ನಾನು ಅವಳನ್ನು ಸೊಂಟಕ್ಕೆ ಕೈ ಹಾಕಿ ಹೊತ್ತುಕೊಂಡೇ ಮೆಟ್ಟಿಲು ಹತ್ತಿದೆ. ಹಗುರವಾಗಿದ್ದಳು, ಮೊರದಲ್ಲಿಟ್ಟ ಹೊಟ್ಟಿನ ಹಾಗೆ.

ಡಾಕ್ಟರಮ್ಮ ನಾಡಿ ಹಿಡಿದು ಗಡಿಯಾರ ನೋಡಿದರು. ಮುಖ ಬಿಗಿಯಾಯಿತು. "ಔಷಧ ನಿಲ್ಲಿಸಿದಿರಾ?" ಅಂದರು. ನಾನು ತೀರ್ಥದ ವಿಷಯ ಹೇಳಿದೆ. ಅವರು ಏಟು ತಿಂದವರ ಹಾಗೆ ಕೂತರು. ಆಮೇಲೆ ಬೈದರು. ತೆಲುಗು ಸಾಲದೆ ತಮಿಳಿನಲ್ಲೂ, ತಮಿಳು ಸಾಲದೆ ಇಂಗ್ಲಿಷಿನಲ್ಲೂ ಬೈದರು. ನಾನು ತಲೆ ಬಗ್ಗಿಸಿ ನಿಂತೆ. ನನ್ನ ಜೀವಮಾನದಲ್ಲಿ ತಿರುಗಿ ಮಾತಾಡದೆ ಬೈಸಿಕೊಂಡದ್ದು ಅದೊಂದೇ ಸಲ.

ಬೈದು ಮುಗಿಸಿ ರತ್ನನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ ಮತ್ತೆ ತೊಟ್ಟು ಹಾಕಿಸಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಕೇಳಿದರು, "ಆ ಏಳು ಜನಕ್ಕೆ ಏನಾಯ್ತು?"

"ಏನೂ ಆಗಿಲ್ಲ. ಇಬ್ಬರು ಕುತ್ತಿಗೆ ಸ್ವಲ್ಪ ಹಗುರಾಗಿದೆ ಅಂದರಂತೆ."

ಅವರು ಪುಸ್ತಕ ತೆಗೆದರು. "ಹೆಸರು ಹೇಳು. ವಯಸ್ಸು. ಯಾವ ಬಾವಿ ನೀರು? ಎಷ್ಟು ದಿನ ಕುಡಿದರು?" ಆ ಕನ್ನಡದ ಹೆಸರುಗಳು ಅವರ ಕೈಗೆ ಸರಿಯಾಗಿ ಬರಲಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದ್ದು ಮೂರನೇ ಕ್ಲಾಸು. ರತ್ನನನ್ನು ಕೇಳಿ ಕೇಳಿ, ಏಳು ಹೆಸರನ್ನೂ ಇರುವೆ ಸಾಲಿನ ಹಾಗೆ ಸೊಟ್ಟಸೊಟ್ಟಗೆ ಬರೆದೆ. "ನಾನೇ ಒಂದು ದಿನ ಮಾಲೂರಿಗೆ ಹೋಗಿ ಟೇಪು ಹಿಡೀತೀನಿ. ನಿನ್ನ ಬೀಗಿತಿ ದೊಡ್ಡ ತಪ್ಪು ಮಾಡಿದಳು. ಅದರಲ್ಲೂ ಕಲಿಯೋದಿದೆ," ಅಂದರು. ಆ ಆಸ್ಪತ್ರೆಯ ಪುಸ್ತಕದಲ್ಲಿ ನನ್ನ ಅಕ್ಷರ ಇನ್ನೂ ಇರಬೇಕು.

ಐದು ದಿನ ಕಾದೆವು. ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ರೋಗಿಗಳ ಕಡೆಯವರು ಅಡಿಗೆ ಮಾಡಿಕೊಳ್ಳುತ್ತಿದ್ದೆವು. ಮೂರು ಕಲ್ಲು, ಒಂದು ಮಡಕೆ. ನಾನು ಗಂಜಿ ಬೇಯಿಸಿ ಕೊಂಡೊಯ್ಯುವೆ, ನರ್ಸು ನಾಡಿ ಎಣಿಸುವಳು, ನಾನು ಅವಳ ತುಟಿ ನೋಡುವೆ. ದಿನದಿನಕ್ಕೆ ಎಣಿಕೆ ಇಳಿಯುತ್ತಾ ಬಂತು, ಆದರೆ ಮೊದಲ ಸಲದಷ್ಟು ಇಳಿಯಲಿಲ್ಲ. ಆರನೆಯ ದಿನ ಡಾಕ್ಟರಮ್ಮ, "ಇನ್ನು ಕಾದರೆ ಮತ್ತೆ ಏರುತ್ತೆ. ನಾಳೆ ಬೆಳಗ್ಗೆ," ಅಂದರು.

ಪ್ರಜ್ಞೆ ತಪ್ಪಿಸುವ ಮತ್ತು ಕೊಡುವುದಿಲ್ಲ ಅಂತಲೂ ಹೇಳಿದರು. ಇವಳ ಎದೆ ಅದನ್ನು ತಡೆಯುವುದಿಲ್ಲವಂತೆ. ಕುತ್ತಿಗೆಗೆ ಮಾತ್ರ ಸೂಜಿ ಹಾಕಿ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. "ಗಡ್ಡೆ ಬೆನ್ನಿಗೇ ಧ್ವನಿಯ ನರ ಇದೆ, ನೂಲಿನೆಳೆ ಹಾಗೆ. ಅದು ಕುಯ್ದರೆ ಮಾತು ಹೋಯ್ತು. ಅದಕ್ಕೇ ಇವಳು ಮಾತಾಡ್ತಾನೇ ಇರಬೇಕು. ಧ್ವನಿ ಸರಿಯಾಗಿದ್ದರೆ ನನ್ನ ಕತ್ತಿ ಸರಿಯಾದ ದಾರೀಲಿದೆ ಅಂತ."

ಬೆಳಗ್ಗೆ ತಾಳಿ ತೆಗೆಯಬೇಕೆಂದಾಗ ರತ್ನ ಗಟ್ಟಿಯಾಗಿ ಹಿಡಿದುಕೊಂಡಳು. ವಿಧವೆಯಾದ ನಾನು ಅದಕ್ಕೆ ಕೈ ಹಾಕುವಂತಿರಲಿಲ್ಲ. ನರ್ಸು ಬಿಚ್ಚಿ ಅವಳ ಮುಂಗೈಗೇ ಸುತ್ತಿ ಕಟ್ಟಿದಳು. ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಜಗಲಿಯ ಕಲ್ಲುಬೆಂಚಿನ ಮೇಲೆ ಕೂತೆ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಬಟ್ಟೆ ಕಣ್ಣಿಗೆ ಮಾತ್ರ ಅಡ್ಡ, ಕಿವಿಗಲ್ಲ.

"ಮಾತಾಡಮ್ಮಾ. ನಿಲ್ಲಿಸಬೇಡ. ಭಯಪಡಕು, ಹೆದರಬೇಡ," ಅಂದರು ಡಾಕ್ಟರಮ್ಮ.

"ಏನ್ ಮಾತಾಡ್ಲಿ?" ರತ್ನನ ದನಿ ತೆಳ್ಳಗಿತ್ತು.

"ಏನಾದ್ರೂ. ಮನೇ ವಿಷಯ."

ಮೊದಲು ಒಂದು ಎರಡು ಎಣಿಸಿದಳು. ಮಗಳ ಹೆಸರು ಹತ್ತು ಸಲ ಹೇಳಿದಳು. ಡಾಕ್ಟರಮ್ಮ, "ಮಾತು! ಮಾತು!" ಅಂತ ಗದರಿದರು. ಆಗ ಶುರುವಾಯಿತು.

"ನಮ್ಮತ್ತೆ ನನ್ ಮುದ್ದೆ ಎಣಿಸ್ತಾರೆ. ಮೂರನೇ ಮುದ್ದೆಗೆ ಕೈ ಹಾಕುದ್ರೆ, ಹೊಟ್ಟೇನಾ, ರಾಗಿ ತುಂಬೋ ಹಗೇವಾ ಅಂತಾರೆ. ಬಾವಿ ಹತ್ರ ಎಲ್ರ ಮುಂದೆ ಗೂಬೆ ಕಣ್ಣೋಳೇ ಅಂದ್ರು. ಕಂಕುಳಲ್ಲಿ ಮಗು ಇದ್ದಾಗ ಕೊಡ ಬಿದ್ರೆ, ಮಗು ಬಿದ್ರೂ ಬೀಳ್ಲಿ ಕೊಡ ಉಳೀಬೇಕಿತ್ತು ಅಂದ್ರು."

ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ನನಗೆ ಒಂದು ಎದುರುಮಾತು ಆಡಿದವಳಲ್ಲ. ಕುತ್ತಿಗೆ ಸೀಳಿಸಿಕೊಂಡು ಮಲಗಿ ಈಗ ಎಲ್ಲವನ್ನೂ ಸಾಲಾಗಿ ತೆಗೆಯುತ್ತಿದ್ದಳು. ಒಳಗೆ ಕತ್ತರಿಯ ಸದ್ದು, ತಟ್ಟೆಗೆ ಏನೋ ಬಿದ್ದ ಸದ್ದು, ಅದರ ಮಧ್ಯೆ ಅವಳ ದನಿ.

"ಮೊಸರು ಮುಚ್ಚಿಟ್ರು. ಕೇಳಿದ್ರೆ ಬೆಕ್ಕು ಕುಡೀತು ಅಂದ್ರು."

ಅದೊಂದು ಮಾತ್ರ ಸುಳ್ಳು. ಮೊಸರು ಬೆಕ್ಕೇ ಕುಡಿದದ್ದು. ಎದ್ದು ಹೇಳಿಬಿಡೋಣ ಅನ್ನಿಸಿತು. ಆದರೆ ಬೈಗುಳ ನಿಂತೀತು ಅಂತ ಹೆದರಿ ತುಟಿ ಕಚ್ಚಿಕೊಂಡು ಕೂತೆ. ಬೈಯೇ, ಇನ್ನೂ ಬೈಯೇ, ನನ್ನ ಅಪ್ಪ ಅಮ್ಮನನ್ನೂ ಸೇರಿಸಿ ಬೈಯಿ, ನಿಲ್ಲಿಸಬೇಡ ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು, "ಯಾರಮ್ಮಾ ಆ ಪಾಪಿ ಅತ್ತೆ?" ಅಂತ ಕೇಳಿದಳು. "ನಾನೇ," ಅಂದೆ. ಅವಳು ಅತ್ತ ಸರಿದು ಕೂತಳು.

"ಶ್ರೀನಿವಾಸಪುರಕ್ಕೆ ಕರ್ಕೊಂಡೋದ್ರು. ಮಾವಿನ ಮರದ ಕೆಳ್ಗೆ ಮಲಗ್ಸಿದ್ರು. ಕಬ್ಬಿಣ ಕೆಂಪಗಿತ್ತು. ಬೇಡ ಅತ್ತೆ ಅಂದೆ. ಕಾಲು ಬಿಡ್ಲಿಲ್ಲ." ದನಿ ಒಡೆಯಿತು, ಮತ್ತೆ ಸೇರಿತು. "ಇನ್ನೊಂದ್ ಅದೆ. ಅದನ್ನ ನಾನು ಯಾರ್ಗೂ ಹೇಳಿಲ್ಲ, ನನ್ ಗಂಡನ್ಗೂ ಹೇಳಿಲ್ಲ. ಅವತ್ತು ನಮ್ಮತ್ತೆ..."

ನಿಂತುಹೋಯಿತು.

ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಏನೋ ಚುಟುಕಾಗಿ ಹೇಳಿದರು. ಓಡಾಡುವ ಸದ್ದು. ಆಮೇಲೆ ಅದೂ ಇಲ್ಲ. ನಾನು ಎದ್ದು ಕಿಟಕಿಯ ಬಟ್ಟೆಗೆ ಕಿವಿ ಹಚ್ಚಿದೆ. ಒಳಗಿನಿಂದ ಔಷಧದ ವಾಸನೆ ಮಾತ್ರ ಬಂತು. ಕೈಗೆ ಕೆಲಸ ಬೇಕಾಗಿ ಸಂಚಿಯ ದಾರದ ಗಂಟುಗಳನ್ನು ಬಿಚ್ಚುತ್ತಾ ನಿಂತೆ. ಹನ್ನೆರಡನ್ನೂ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದೆ. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಯಿತು.

ಬಾಗಿಲು ತೆರೆದಾಗ ನಾನು ಡಾಕ್ಟರಮ್ಮನ ಮುಖ ನೋಡಲಿಲ್ಲ. ಬಟ್ಟೆಯ ಮೇಲಿನ ಕೆಂಪು ನೋಡಿ ಪುಸ್ತಕದ ಕೆಂಪು ನೆನಪಾಗಿ ಕಣ್ಣು ಮುಚ್ಚಿಕೊಂಡೆ.

"ಇದ್ದಾಳೆ," ಅಂದರು. "ರಕ್ತ ಜೋರಾಗಿ ಪ್ರಜ್ಞೆ ತಪ್ಪಿತು. ಕಟ್ಟಿ ನಿಲ್ಲಿಸಿದೆ. ಇವತ್ತು, ನಾಳೆ ಕಳೀಲಿ. ಧ್ವನಿ ವಿಷಯ ಈಗಲೇ ಹೇಳಲಾರೆ."

ಆ ಎರಡು ದಿನ ಹೇಗೆ ಕಳೆಯಿತು ಅಂತ ಬರೆಯಲು ಬರುವುದಿಲ್ಲ. ಜ್ವರ ಏರಿತು, ಎದೆ ಮತ್ತೆ ಓಡಿತು, ಒದ್ದೆ ಬಟ್ಟೆ ಬದಲಾಯಿಸಿದೆವು. ಮೂರನೆಯ ಬೆಳಗ್ಗೆ ಅವಳು ತಾನೇ ಕಂಬಳಿ ಎಳೆದು ಹೊದ್ದುಕೊಂಡಳು. ಎರಡು ವರ್ಷದ ಮೇಲೆ ಅವಳಿಗೆ ಚಳಿಯಾಗಿತ್ತು. ಡಾಕ್ಟರಮ್ಮ ಅದನ್ನೂ ಬರೆದುಕೊಂಡರು. ಆದರೆ ದನಿ ಬರಲಿಲ್ಲ. ತುಟಿ ಆಡುವುದು, ಗಾಳಿ ಬರುವುದು, ಅಷ್ಟೆ. "ನರಕ್ಕೆ ಪೆಟ್ಟಾಗಿರಬಹುದು. ಬಂದರೂ ಬಂತು, ಬರದಿದ್ದರೂ ಇಲ್ಲ," ಅಂದರು.

ಹನ್ನೆರಡು ದಿನ ಇದ್ದು ಹೊರಟೆವು. ಹೊರಡುವಾಗ ಪುಸ್ತಕ ತೆಗೆಸಿ ನೋಡಿದೆ. ನನ್ನ ಕಣ್ಣೆದುರಿಗೇ ನೀಲಿ ಗೆರೆ ಎಳೆದರು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ದನಿ ಇನ್ನೂ ಬಂದಿಲ್ಲ ಅಂತ ಬರೆದಿದ್ದೀನಿ ಅಂದರು. ಒಳಗೆ ಅರ್ಧಕ್ಕೆ ನಿಂತ ಆ ಮಾತು ಏನಿತ್ತೋ, ಅದನ್ನು ಕೇಳದೆಯೇ ರತ್ನನನ್ನು ಮನೆಗೆ ಕರೆದುಕೊಂಡು ಬಂದೆ.